ಸುತ್ತಿಗೆ ಎತ್ತುವ ಮುನ್ನ

ಓಹಾಯೋದಲ್ಲಿ ಲಾನ್ ಇರುವ ಮನೆ ಮಾಡಿಕೊಂಡಿರುವ ಕನ್ನಡ ಬಂಧುಗಳಿಗೆ ಒಂದು ಬಹಿರಂಗ ಪತ್ರ

ಪ್ರಿಯ ಬಂಧುಗಳೇ,

ಅಕ್ಟೋಬರ್ ಮುಗಿಯುತ್ತ ಬಂತು. ವರ್ಷದ ಕೊನೆಯ ಹುಲ್ಲು ಹೊಡೆಯುವ ಕೆಲಸ ನಿಮ್ಮಲ್ಲಿ ಕೆಲವರ ಮನೆಯಲ್ಲಿ ಆಗಿಹೋಗಿರಬೇಕು, ಉಳಿದವರಲ್ಲಿ ಈ ಶನಿವಾರವೋ ಬರುವ ಶನಿವಾರವೋ ಆಗುತ್ತದೆ. ಆಮೇಲೆ ರೈಡಿಂಗ್ ಮೋವರನ್ನು ಶೆಡ್ಡಿಗೆ ನೂಕಿ ಬಾಗಿಲು ಹಾಕಿದರೆ ಮತ್ತೆ ಅದರ ಮುಖ ನೋಡುವುದು ಏಪ್ರಿಲ್‌ನಲ್ಲೇ. ಆ ಬಾಗಿಲು ಹಾಕುವುದರೊಳಗೆ ಒಂದು ಮಾತು ಹೇಳಿಬಿಡಬೇಕು ಅನ್ನಿಸಿ ಬರೆಯಲು ಕೂತಿದ್ದೇನೆ.

ಈಚೆಗೆ ಎರಡು ಸಂಗತಿ ನಡೆದವು. ನಮ್ಮವರೇ ಒಬ್ಬರು ಚೆನ್ನಾಗಿ ಓಡುತ್ತಿದ್ದ ಮೋವರನ್ನು ಮನೆ ಮುಂದಿನ ರಸ್ತೆ ಅಂಚಿಗೆ ತಂದು, 'ಬೇಕಾದವರು ಒಯ್ಯಬಹುದು' ಎಂದು ರಟ್ಟಿನ ಮೇಲೆ ಬರೆದು ನಿಲ್ಲಿಸಿದರು. ಎಂಜಿನ್‌ಗೆ ಏನೂ ಆಗಿರಲಿಲ್ಲ, ಬ್ಲೇಡಿಗೂ ಏನೂ ಆಗಿರಲಿಲ್ಲ. ಹಿಂದಿನ ಟೈರು ಸೀಳಿತ್ತು, ಚಕ್ರ ಬಿಚ್ಚಲು ಬರಲಿಲ್ಲ, ಅಷ್ಟೆ. ಇನ್ನೊಬ್ಬರು ಅಂಥದೇ ಚಕ್ರವನ್ನು ಬಿಚ್ಚಿಯೇ ತೀರುತ್ತೇನೆ ಎಂದು ಮೋವರನ್ನು ಬರೀ ಜ್ಯಾಕಿನ ಮೇಲೆ ಎತ್ತಿ, ದೊಡ್ಡ ಸುತ್ತಿಗೆಯಿಂದ ಬಾರಿಸುತ್ತಿದ್ದಾಗ ಜ್ಯಾಕು ಜಾರಿತು. ಅವರ ಎಡಗೈಯ ಎರಡು ಬೆರಳು ಜಜ್ಜಿಹೋದವು. ಆಸ್ಪತ್ರೆಯಲ್ಲಿ ಅವರ ಪಕ್ಕ ಕೂತಿದ್ದಾಗ, ನನಗೆ ಗೊತ್ತಿದ್ದದ್ದನ್ನು ಹದಿನಾಲ್ಕು ವರ್ಷ ನನ್ನ ಗ್ಯಾರೇಜಿನೊಳಗೇ ಇಟ್ಟುಕೊಂಡೆನಲ್ಲ ಎಂದು ಸಂಕಟವಾಯಿತು.

ಮೊದಲು ನಾನು ಮಾಡಿದ ತಪ್ಪನ್ನೇ ಹೇಳುತ್ತೇನೆ. 2011ರ ಮೇ ತಿಂಗಳಲ್ಲಿ, ಈಗಿನ ಮನೆಗೆ ಬಂದ ಹೊಸತು. ಮುಕ್ಕಾಲು ಎಕರೆ ಹುಲ್ಲು. ಹೊಸ ಮೋವರಿಗೆ ಕೊಡುವಷ್ಟು ದುಡ್ಡಿರಲಿಲ್ಲ. ಹತ್ತಿರದ ಹಳ್ಳಿಯ ರೈತರೊಬ್ಬರು 250 ಡಾಲರಿಗೆ ಹಳೆಯದೊಂದನ್ನು ಕೊಟ್ಟರು. ಬಲಗಡೆಯ ಹಿಂದಿನ ಟೈರು ಬಿರುಕು ಬಿಟ್ಟಿತ್ತು, ಬದಲಾಯಿಸಬೇಕಿತ್ತು. ಮುಚ್ಚಳ ತೆಗೆದೆ, ಕ್ಲಿಪ್ ತೆಗೆದೆ, ವಾಶರ್ ತೆಗೆದೆ. ಚಕ್ರ ಕದಲಲಿಲ್ಲ. ಎರಡು ಕೈಯಲ್ಲಿ ಹಿಡಿದು ಎಳೆದೆ, ಒದ್ದೆ. ಚಕ್ರಕ್ಕೂ ಗೇರ್‌ಬಾಕ್ಸಿಗೂ ನಡುವೆ ಹಾರೆ ತೂರಿಸಿ ಮೀಟಿದೆ. ಕೊನೆಗೆ ದೊಡ್ಡ ಸುತ್ತಿಗೆ ತಂದು ಆಕ್ಸಲ್‌ನ ತುದಿಗೂ ರಿಮ್ಮಿನ ಒಳಬದಿಗೂ ಒಂದು ಗಂಟೆ ಹೊಡೆದೆ. ಕೈ ಸೋತು ನಿಲ್ಲಿಸಿದಾಗ ನೆಲದ ಮೇಲೆ ಎಣ್ಣೆ ಹರಿಯುತ್ತಿತ್ತು. ಗೇರ್‌ಬಾಕ್ಸಿನ ಅಲ್ಯೂಮಿನಿಯಂ ಮೈ ಆಕ್ಸಲ್ ಹೊರಬರುವ ಜಾಗದಲ್ಲೇ ಸೀಳಿತ್ತು. ಚಕ್ರ ಮಾತ್ರ ಇದ್ದಲ್ಲೇ ಇತ್ತು.

ಆ ಜೂನ್‌ನಲ್ಲಿ ಅಪ್ಪ ಇಲ್ಲಿಗೆ ಬಂದರು. ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು ಅವರು. ಊರಿಂದ ಬಂದ ಮೂರನೆಯ ದಿನ ಗ್ಯಾರೇಜಿಗೆ ಬಂದು, ಮೂಲೆಯಲ್ಲಿದ್ದ ಮೋವರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಸೀಳಿದ ಜಾಗವನ್ನು ಬೆರಳಿಂದ ಸವರಿ ನೋಡಿದರು.

"ಯಾಕಪ್ಪ ಇದನ್ನ ಒಡದಿ?"

"ಚಕ್ರ ಬರ್ಲಿಲ್ಲಪ್ಪ."

"ಚಕ್ರ ಬರ್ಲಿಲ್ಲಂದ್ರ ಗೇರ್‌ಬಾಕ್ಸಿಗೆ ಯಾಕ ಹೊಡದಿ?"

ನಾನು ಹೊಡೆದದ್ದು ಆಕ್ಸಲ್‌ಗೆ, ಚಕ್ರಕ್ಕೆ ಎಂದೆ. ಅವರು ಮೊಮ್ಮಗಳ ಚಾಕ್‌ಪೀಸ್ ತರಿಸಿ ಗ್ಯಾರೇಜಿನ ನೆಲದ ಮೇಲೆ ಚಿತ್ರ ಬರೆದರು. ನಾನು ನಿಮಗೆ ಹೇಳಬೇಕೆಂದಿರುವುದರ ತಿರುಳು ಆ ಚಿತ್ರದಲ್ಲೇ ಇದೆ. ಅದನ್ನು ಬರಹದಲ್ಲಿ ಕಾಣಿಸಲು ಪ್ರಯತ್ನಿಸುತ್ತೇನೆ.

ಮಾಮೂಲಿ ಲಾನ್ ಟ್ರ್ಯಾಕ್ಟರಿನ ಹಿಂದಿನ ಆಕ್ಸಲ್ ಮುಕ್ಕಾಲು ಇಂಚು ದಪ್ಪದ ಉಕ್ಕಿನ ಸರಳು. ಭಾರಿ ಗಾರ್ಡನ್ ಟ್ರ್ಯಾಕ್ಟರುಗಳಲ್ಲಿ ಒಂದು ಇಂಚು. ಚಕ್ರದ ನಡುವಿನ ಹಬ್, ಅಂದರೆ ನಮ್ಮ ಎತ್ತಿನ ಗಾಡಿಯಲ್ಲಿ ಗುಂಬ ಅನ್ನುತ್ತೇವಲ್ಲ, ಅದು ಈ ಸರಳಿನ ಮೇಲೆ ಬಳೆಯ ಹಾಗೆ ತೂರಿಕೊಂಡು ಕೂತಿರುತ್ತದೆ. ಆಕ್ಸಲ್ ತಿರುಗಿದಾಗ ಚಕ್ರವೂ ತಿರುಗಬೇಕಾದ್ದರಿಂದ ಎರಡರಲ್ಲೂ ಉದ್ದುದ್ದ ತೋಡು ಕೊರೆದು, ಅದರೊಳಗೆ ಚೌಕಾಕಾರದ ಸಣ್ಣ ಉಕ್ಕಿನ ತುಂಡೊಂದನ್ನು ಇಟ್ಟಿರುತ್ತಾರೆ. ಅದೇ ಕೀ. ಮುಕ್ಕಾಲು ಇಂಚಿನ ಆಕ್ಸಲ್‌ಗೆ ಸಾಮಾನ್ಯವಾಗಿ 3/16 ಇಂಚಿನದು, ಒಂದು ಇಂಚಿನದಕ್ಕೆ ಕಾಲು ಇಂಚಿನದು. ಚಕ್ರ ಹೊರಗೆ ಜಾರದಂತೆ ತುದಿಯಲ್ಲಿ ವಾಶರ್, ಅದರಾಚೆ ಒಂದು ಇ-ಕ್ಲಿಪ್, ಧೂಳು ಹೋಗದಂತೆ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ. ಬೋಲ್ಟು ಒಂದೂ ಇಲ್ಲ. ಹೊಸದಿದ್ದಾಗ ಕ್ಲಿಪ್ ತೆಗೆದರೆ ಚಕ್ರ ಕೈಗೇ ಬರುತ್ತದೆ.

(ಎಲ್ಲ ಮೋವರುಗಳೂ ಹೀಗಿರುವುದಿಲ್ಲ. 1961ರಲ್ಲಿ ಬಂದ ಮೊದಲ ಕಬ್ ಕೆಡೆಟ್, 1963ರ ಜಾನ್ ಡೀರ್ 110ರಂಥ ಹಳೆಯ ಗಟ್ಟಿ ಯಂತ್ರಗಳಲ್ಲಿ ಕಾರಿನಂತೆ ಚಕ್ರಕ್ಕೇ ಬೋಲ್ಟುಗಳಿವೆ. ಅವನ್ನು ಬಿಚ್ಚಿದರೆ ಚಕ್ರ ಬರುತ್ತದೆ, ಹಬ್ ಅಲ್ಲೇ ಉಳಿಯುತ್ತದೆ. ಈಗಲೂ ಇಂಥವು ಈ ಕಡೆಯ ತೋಟಗಳಲ್ಲಿ ಓಡುತ್ತಿವೆ. ನಿಮ್ಮದು ಯಾವ ಬಗೆ ಎಂದು ಮೊದಲು ನೋಡಿಕೊಳ್ಳಿ.)

ಕಚ್ಚಿಕೊಳ್ಳುವುದು ಎಲ್ಲಿ ಅಂದರೆ, ಹಬ್‌ನ ಒಳಮೈ ಮತ್ತು ಆಕ್ಸಲ್‌ನ ಹೊರಮೈ ಒಂದಕ್ಕೊಂದು ತಾಗುವ ಆ ಎರಡು ಮೂರು ಇಂಚು ಉದ್ದದಲ್ಲಿ. ನೀರು, ಗಾಳಿ, ಕಬ್ಬಿಣ ಮೂರೂ ಸೇರಿದಲ್ಲಿ ತುಕ್ಕು. ಒದ್ದೆ ಹುಲ್ಲು ಚಕ್ರದ ಒಳಬದಿಗೆ ಮೆತ್ತಿಕೊಂಡು ವಾರಗಟ್ಟಲೆ ತೇವ ಹಿಡಿದಿಡುತ್ತದೆ. ಲಾನಿಗೆ ಎರಚುವ ಗೊಬ್ಬರದ ಪುಡಿ, ಅದರಲ್ಲೂ ಕ್ಲೋರೈಡ್ ಇರುವ ಪೊಟ್ಯಾಷ್, ಆ ತೇವಕ್ಕೆ ಬೆರೆತರೆ ತುಕ್ಕಿನ ವೇಗ ಹೆಚ್ಚುತ್ತದೆ. ಚಳಿಗಾಲದಲ್ಲಿ ಡ್ರೈವ್‌ವೇಗೆ ಉಪ್ಪು ಹಾಕಿ, ಇದೇ ಮೋವರಿಗೆ ಹಿಮ ನೂಕುವ ಹಲಗೆ ಕಟ್ಟಿ ಓಡಿಸುವವರ ಕತೆ ಕೇಳುವುದೇ ಬೇಡ. ತುಕ್ಕಿನ ಇನ್ನೊಂದು ಗುಣವೆಂದರೆ, ತಾನು ತಿಂದ ಕಬ್ಬಿಣಕ್ಕಿಂತ ಅದು ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಸಂದಿಯಲ್ಲಿ ಹಿಗ್ಗಲು ಜಾಗವಿಲ್ಲ. ಹಾಗಾಗಿ ವರ್ಷ ವರ್ಷಕ್ಕೂ ಅದು ಹಬ್ ಮತ್ತು ಆಕ್ಸಲ್ ನಡುವೆ ತಾನೇ ಬೆಣೆಯಾಗಿ ಬಿಗಿಯುತ್ತ ಹೋಗುತ್ತದೆ.

ಇನ್ನು ಅಪ್ಪ ಬರೆದ ಚಿತ್ರ. ಆಕ್ಸಲ್‌ನ ತುದಿಗೆ ಸುತ್ತಿಗೆಯಿಂದ ಹೊಡೆದರೆ ಆ ಪೆಟ್ಟು ಎಲ್ಲಿಗೆ ಹೋಗುತ್ತದೆ? ಹಬ್ ಬಿಡದಿದ್ದರೆ ಇಡೀ ಆಕ್ಸಲ್ ಒಳಕ್ಕೆ ನುಗ್ಗಲು ನೋಡುತ್ತದೆ. ಒಳಗಿರುವುದು ಗೇರ್‌ಬಾಕ್ಸಿನ ಸಣ್ಣ ಕ್ಲಿಪ್, ವಾಶರ್, ಹಲ್ಲುಗಾಲಿ, ಅವನ್ನೆಲ್ಲ ಹೊತ್ತಿರುವ ತೆಳು ಅಲ್ಯೂಮಿನಿಯಂ ಮೈ. ಹಾರೆಯಿಂದ ಮೀಟಿದರೆ? ಹಾರೆ ಊರಿಕೊಂಡು ನಿಲ್ಲುವುದೂ ಅದೇ ಅಲ್ಯೂಮಿನಿಯಂ ಮೈಯ ಮೇಲೆ. ರಿಮ್ಮಿಗೆ ಒಳಗಿನಿಂದ ಹೊಡೆದರೆ? ರಿಮ್ಮು ತೆಳು ತಗಡು, ಮೇಲೆ ರಬ್ಬರು. ಪೆಟ್ಟನ್ನು ಅವೆರಡೇ ನುಂಗುತ್ತವೆ, ರಿಮ್ಮು ಬಾಗುತ್ತದೆ, ಹಬ್‌ಗೆ ಸುದ್ದಿಯೇ ಮುಟ್ಟುವುದಿಲ್ಲ. ಮೂರು ದಾರಿಯಲ್ಲೂ ಪೆಟ್ಟು ತಿನ್ನುವುದು ತಪ್ಪು ಮಾಡದ ಭಾಗ.

ಚಕ್ರವನ್ನು ಎಳೆದು ತೆಗೆಯುವ ಪುಲ್ಲರ್ ಎಂಬ ಸಾಧನದ್ದು ಬೇರೆಯ ಲೆಕ್ಕ. ಅದರ ಕೈಗಳು ಹಬ್‌ನ ಹಿಂಬದಿಯನ್ನು ಹಿಡಿದು ಹೊರಗೆ ಎಳೆಯುತ್ತವೆ. ನಡುವಿನ ಸ್ಕ್ರೂ ಆಕ್ಸಲ್‌ನ ತುದಿಯನ್ನು ಅಷ್ಟೇ ಬಲದಿಂದ ಒಳಗೆ ಒತ್ತುತ್ತದೆ. ಒಂದರ ಎಳೆತಕ್ಕೆ ಇನ್ನೊಂದರ ಒತ್ತು ಸರಿಹೋಗುತ್ತದೆ. ಬಲವೆಲ್ಲ ತುಕ್ಕು ಕೂತಿರುವ ಆ ಎರಡು ಮೂರು ಇಂಚಿನಲ್ಲೇ ಖರ್ಚಾಗುತ್ತದೆ, ಗೇರ್‌ಬಾಕ್ಸಿಗೆ ಏನೂ ತಲುಪುವುದಿಲ್ಲ. "ಜಗಳ ಯಾರ ಯಾರ ನಡುವ ಐತೋ ಅವರಿಬ್ಬರನ್ನ ಹಿಡಿ. ಮನಿ ಮಂದಿಗೆಲ್ಲ ಯಾಕ ಹೊಡೀತಿ?" ಎಂದರು ಅಪ್ಪ, ಚಾಕ್‌ಪೀಸಿನ ಪುಡಿ ಕೊಡವುತ್ತ.

ಆ ಮೋವರು ಗುಜರಿಗೆ ಹೋಯಿತು. ಜುಲೈನಲ್ಲಿ ಇನ್ನೊಂದು ಹಳೆಯದು ಸಿಕ್ಕಿತು. ಅದರ ಎಡ ಹಿಂಚಕ್ರವೂ ಹಾಗೇ ಕಚ್ಚಿಕೊಂಡಿತ್ತು. ಈ ಸಲ ಕೆಲಸ ಅಪ್ಪನದು, ನಾನು ಕೈಯಾಳು. ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನಗಳಲ್ಲಿ ಕೈ ಓಡಿದ್ದು ಒಟ್ಟು ಸೇರಿ ನಾಲ್ಕೈದು ಗಂಟೆ, ಉಳಿದದ್ದೆಲ್ಲ ಕಾಯುವುದೇ.

ಮೊದಲ ದಿನ ಅವರು ಕೇಳಿದ ಪ್ರಶ್ನೆ ನನ್ನ ತಲೆಗೆ ಹೊಳೆದೇ ಇರಲಿಲ್ಲ: ಈ ಚಕ್ರ ನಿಜವಾಗಿ ಬಿಚ್ಚಬೇಕೋ? ಮುಳ್ಳು ಚುಚ್ಚಿ ಗಾಳಿ ಇಳಿದಿದ್ದರೆ ಚಕ್ರ ಇದ್ದಲ್ಲೇ ಇದ್ದರೂ ಪಂಕ್ಚರ್ ಹಾಕಬಹುದು. ಈ ಟೈರುಗಳಲ್ಲಿ ಗಾಳಿಯ ಒತ್ತಡ ಬಹಳ ಕಡಿಮೆ, ಹತ್ತು ಹನ್ನೆರಡು ಪೌಂಡಿನ ಆಸುಪಾಸು. ಹೊರಗಿನ ಅಂಚನ್ನು ರಿಮ್ಮಿನಿಂದ ಬಿಡಿಸಿ ಒಳಗೆ ಟ್ಯೂಬ್ ತೂರಿಸಲೂ ಬರುತ್ತದೆ. ಟೈರನ್ನೇ ಬದಲಾಯಿಸಲೂಬಹುದು, ಎರಡೂ ಅಂಚುಗಳನ್ನು ಹೊರಗಡೆಯಿಂದಲೇ ದಾಟಿಸಿದರಾಯಿತು. ರಸ್ತೆ ಅಂಚಿಗೆ ಬಂದ ಆ ಮೋವರಿಗೆ ಇಷ್ಟೇ ಸಾಕಾಗಿತ್ತು. ರಿಮ್ಮು ತೂತಾಗಿದ್ದರೆ, ಆಕ್ಸಲ್‌ನ ಸೀಲ್ ಎಣ್ಣೆ ಸೋರುತ್ತಿದ್ದರೆ, ಗೇರ್‌ಬಾಕ್ಸ್ ಇಳಿಸಬೇಕಿದ್ದರೆ ಚಕ್ರ ಬರಲೇಬೇಕು. ನಮ್ಮದು ಸೀಲ್ ಸೋರುತ್ತಿತ್ತು.

ಎತ್ತುವ ವಿಷಯದಲ್ಲಿ ಅಪ್ಪ ಒಂದಿಷ್ಟೂ ಸಡಿಲ ಬಿಡಲಿಲ್ಲ, ನೀವೂ ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಸಮ ನೆಲ, ಸಿಮೆಂಟಿನದು. ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತಿಡಿ, ಕೀಲಿಕೈ ಜೇಬಿಗೆ ಹಾಕಿಕೊಳ್ಳಿ. ನೆಲದ ಮೇಲೆ ಉಳಿಯುವ ಮೂರು ಚಕ್ರಕ್ಕೂ ಹಿಂದೆ ಮುಂದೆ ಕಲ್ಲು ಕೊಡಿ. ಪಾರ್ಕಿಂಗ್ ಬ್ರೇಕನ್ನು ನಂಬಿ ಕೂರಬೇಡಿ. ಅದು ಹಿಡಿಯುವುದು ಹಿಂದಿನ ಆಕ್ಸಲ್‌ಗಳನ್ನು, ಅದರಲ್ಲಿ ಒಂದನ್ನು ನೀವು ಗಾಳಿಗೆ ಎತ್ತಿರುತ್ತೀರಿ. ಜ್ಯಾಕು ಇರುವುದು ಎತ್ತುವುದಕ್ಕೆ, ಹೊರುವುದಕ್ಕಲ್ಲ. ಎತ್ತಿದ ಮೇಲೆ ಚೌಕಟ್ಟಿನ ಗಟ್ಟಿ ಜಾಗದ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಭಾರ ಅದರ ಮೇಲೆ ಕೂರಿಸಿ, ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಇಳಿಸಿ ಮತ್ತೆ ಇಡಿ. ಹಳೆಯ ಲಾನ್ ಟ್ರ್ಯಾಕ್ಟರ್ ಎರಡು ಕ್ವಿಂಟಲ್ ತೂಗುತ್ತದೆ. ಬೆರಳು ಜಜ್ಜಿಕೊಂಡ ಆ ಸ್ನೇಹಿತರ ಗ್ಯಾರೇಜಿನ ಗೋಡೆಗೆ ಒಂದು ಜೊತೆ ಸ್ಟ್ಯಾಂಡ್ ಒರಗಿಸಿಟ್ಟಿತ್ತು. ಹತ್ತು ನಿಮಿಷದ ಕೆಲಸಕ್ಕೆ ಯಾಕೆ ಎಂದು ತೆಗೆದಿರಲಿಲ್ಲ.

ಆಮೇಲೆ ವಾಲ್ವಿನ ಒಳಪಿನ್ನು ತೆಗೆದು ಗಾಳಿ ಪೂರ್ತಿ ಬಿಟ್ಟು, ಟೈರನ್ನು ರಿಮ್ಮಿನಿಂದ ಬಿಡಿಸಿ ಪಕ್ಕಕ್ಕಿಟ್ಟೆವು. ಈ ಒಂದು ಕೆಲಸದಿಂದ ಮುಂದಿನ ನಾಲ್ಕು ಕೆಲಸ ಹಗುರಾದವು. ಮುಚ್ಚಳ ತೆಗೆದು ವೈರ್ ಬ್ರಷ್ಷಿನಿಂದ ಆಕ್ಸಲ್ ತುದಿಯನ್ನು ಮಿಂಚುವಷ್ಟು ಉಜ್ಜಿದೆವು. ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸುವಾಗ ಕನ್ನಡಕ ಬೇಕೇ ಬೇಕು, ಅದು ಕಣ್ಣಿನ ಎತ್ತರಕ್ಕೇ ಸಿಡಿಯುತ್ತದೆ. ಕೀಯ ತೋಡಿನಲ್ಲಿ ತುಂಬಿದ್ದ ತುಕ್ಕಿನ ಪುಡಿಯನ್ನು ದಬ್ಬಳದಿಂದ ಕೆದಕಿ ತೆಗೆದೆವು. ಎಣ್ಣೆ ಒಳಗೆ ಇಳಿಯಲು ಅದೇ ಹೆಬ್ಬಾಗಿಲು.

ಎಣ್ಣೆಯ ವಿಷಯ. ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯುಡಿ-40 ಹುಟ್ಟಿದ್ದು 1953ರಲ್ಲಿ, ಸ್ಯಾನ್ ಡಿಯಾಗೊದಲ್ಲಿ, ಲೋಹದ ಮೈಯಿಂದ ನೀರನ್ನು ದೂರ ತಳ್ಳುವುದಕ್ಕೆ. ಹೆಸರಿನ ಅರ್ಥವೇ ಅದು, ನಲವತ್ತನೆಯ ಪ್ರಯತ್ನದಲ್ಲಿ ಕೈಗೂಡಿದ್ದಕ್ಕೆ ಆ ಸಂಖ್ಯೆ. ಒಳ್ಳೆಯ ಸಾಮಾನು, ಆದರೆ ಹದಿನೈದು ವರ್ಷದ ತುಕ್ಕಿನೊಳಗೆ ನುಸುಳುವ ಕೆಲಸಕ್ಕೆ ಅದಕ್ಕೆಂದೇ ಮಾಡಿದ ಪೆನಿಟ್ರೇಟಿಂಗ್ ಆಯಿಲ್ ತನ್ನಿ. ಪಿಬಿ ಬ್ಲಾಸ್ಟರ್, ಲಿಕ್ವಿಡ್ ರೆಂಚ್, ಕ್ರಾಯಿಲ್, ಯಾವುದಾದರೂ ಸರಿ. ಅಸಿಟೋನ್ ಮತ್ತು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನು ಸಮಸಮ ಬೆರೆಸಿಯೂ ಈ ಕಡೆಯವರು ಬಳಸುತ್ತಾರೆ. ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಬೇಗ ಬೆಂಕಿ ಹಿಡಿಯುವಂಥದು, ಬಾಗಿಲು ತೆರೆದಿರಲಿ. ಯಾವ ಎಣ್ಣೆ ಎನ್ನುವುದಕ್ಕಿಂತ ಎಷ್ಟು ದಿನ ಎನ್ನುವುದೇ ಮುಖ್ಯ. ಕಚ್ಚಿದ ಬದಿ ತುಸು ಮೇಲೆ ಇರುವಂತೆ ಮೋವರನ್ನು ಎತ್ತಿದ್ದರಿಂದ ಹೊರತುದಿಗೆ ಬಿಟ್ಟ ಎಣ್ಣೆ ತಾನಾಗಿ ಒಳಕ್ಕೆ ಇಳಿಯುತ್ತಿತ್ತು. ಬೆಳಗ್ಗೆ ಕಾಫಿ ಕುಡಿದು ಒಮ್ಮೆ, ಸಂಜೆ ಒಮ್ಮೆ, ಹೊರಗಿನಿಂದಲೂ ಒಳಬದಿಯಿಂದಲೂ. ಪ್ರತಿಸಲವೂ ಅಪ್ಪ ಅರ್ಧ ಕಿಲೋ ಸುತ್ತಿಗೆಯಿಂದ ಹಬ್‌ನ ಸುತ್ತ ಮೆಲ್ಲಗೆ ತಟ್ಟುತ್ತಿದ್ದರು, ತೆಂಗಿನಕಾಯಿ ಬಲಿತಿದೆಯೋ ಎಂದು ಬೆರಳಲ್ಲಿ ಬಡಿದು ನೋಡುವ ಹಾಗೆ. ಆ ಅದುರಿಗೆ ತುಕ್ಕು ಕೂದಲೆಳೆಯಷ್ಟು ಬಿರಿಯುತ್ತದೆ, ಎಣ್ಣೆ ಇನ್ನೊಂದಿಷ್ಟು ಮುಂದೆ ಹೋಗುತ್ತದೆ.

ಅಂಥ ಒಂದು ಸಂಜೆ ಅವರಿಗೆ ತಮ್ಮ ಚಿಕ್ಕಂದಿನ ಗಾಡಿ ನೆನಪಾಯಿತು. ಗಾಡಿಯ ಕೆಳಗೆ ಬಿದಿರಿನ ಗೊಟ್ಟದಲ್ಲಿ ಕೀಲೆಣ್ಣೆ ತೂಗುಹಾಕುತ್ತಿದ್ದರಂತೆ, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ್ದು. "ಅಚ್ಚಿಗೆ ಕೀಲೆಣ್ಣಿ ಹಾಕದ ಯಾರರ ಗಾಡಿ ಹೂಡ್ತಿದ್ರೇನು? ಇವ್ರು ಹದಿನೈದು ವರ್ಷ ಒಮ್ಮೆನೂ ಹಾಕಿಲ್ಲ ನೋಡು" ಎಂದು ನಿಜವಾಗಿ ನೊಂದುಕೊಂಡರು. ಯಾರೋ ಗುರುತಿಲ್ಲದವರ ಮೋವರಿಗಾಗಿ.

ಐದನೆಯ ದಿನ ಒಂದು ಉಪಾಯ ಮಾಡಿದೆವು, ಇದನ್ನು ನೀವೂ ಮಾಡಬಹುದು. ಕೆಲವರು ಕ್ಲಿಪ್ಪನ್ನು ಪೂರ್ತಿ ತೆಗೆದು ಮೋವರನ್ನು ಎಂಟರ ಆಕಾರದಲ್ಲಿ ಓಡಿಸುತ್ತಾರೆ. ತಿರುವಿನಲ್ಲಿ ಭಾರ ಆ ಬದಿ ಈ ಬದಿ ವಾಲಿ ಚಕ್ರ ಸಡಿಲವಾಗುತ್ತದೆ. ಸಡಿಲವಾದದ್ದು ಅಲ್ಲೇ ಕಳಚಿ ಬಿದ್ದರೆ ಏನು ಗತಿ? ಅಪ್ಪ ಹೊರಗಿನ ದಪ್ಪ ವಾಶರುಗಳನ್ನು ಮಾತ್ರ ತೆಗೆದು ಕ್ಲಿಪ್ಪನ್ನು ಮತ್ತೆ ಕೂರಿಸಿದರು. ಈಗ ಚಕ್ರಕ್ಕೆ ಎರಡು ಮಿಲಿಮೀಟರ್ ಸರಿಯಲು ಜಾಗವಿದೆ, ಕಳಚಲು ಜಾಗವಿಲ್ಲ. ಟೈರು ಹಾಕಿ, ಗಾಳಿ ತುಂಬಿ, ಬ್ಲೇಡು ತಿರುಗದಂತೆ ನೋಡಿಕೊಂಡು, ಸಮ ನೆಲದಲ್ಲಿ ನಡಿಗೆಯ ವೇಗದಲ್ಲಿ ಹತ್ತು ನಿಮಿಷ ಓಡಿಸಿದೆ. ಹಲವರಿಗೆ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ನಮ್ಮದು ಮುಗಿಯಲಿಲ್ಲ.

ಏಳನೆಯ ದಿನ ಬೆಂಕಿ. ಇಲ್ಲಿ ನಾನು ಅವಸರ ಮಾಡದೆ ಬರೆಯಬೇಕು. ಮೋವರನ್ನು ಹೊರಗೆ ಡ್ರೈವ್‌ವೇಗೆ ತಂದು, ಟೈರು ಮತ್ತೆ ತೆಗೆದು, ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಟ್ಟು, ಬ್ಯಾಟರಿ ಇಳಿಸಿ, ಕೆಳಗೆ ಅಂಟಿದ್ದ ಒಣಹುಲ್ಲು ಪೂರ್ತಿ ಕೆರೆದು, ಹೊರಗೆ ಕಾಣುವ ಎಣ್ಣೆ ಒರೆಸಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು ಶುರುಮಾಡಿದೆವು. ಗಾಳಿ ತುಂಬಿದ ಟೈರು ಮೇಲಿದ್ದಾಗ ಹಬ್ ಕಾಯಿಸಿದರೆ ಟೈರು ಸಿಡಿದು ಪ್ರಾಣ ಹೋದೀತು, ಎಂದೂ ಬೇಡ. ಇನ್ನೊಂದು ಎಚ್ಚರಿಕೆ ಪಕ್ಕದ ಮನೆಯ ವೃದ್ಧರು ಬೇಲಿಯಾಚೆಯಿಂದಲೇ ಕೂಗಿ ಹೇಳಿದ್ದು: ಎಣ್ಣೆ ತೊಳೆಯಲು ಬ್ರೇಕ್ ಕ್ಲೀನರ್ ಹೊಡೆಯಬೇಡಿ. ಕೆಲವು ಬ್ರೇಕ್ ಕ್ಲೀನರುಗಳಲ್ಲಿ ಕ್ಲೋರಿನ್ ಸಂಯುಕ್ತ ಇರುತ್ತದೆ. ಅದಕ್ಕೆ ಜ್ವಾಲೆ ತಾಗಿದರೆ ಫಾಸ್ಜೀನ್ ಹುಟ್ಟುತ್ತದೆ, ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ಅದೇ ವಿಷಾನಿಲ.

ಗೇರ್‌ಬಾಕ್ಸ್ ಬದಿಯ ಆಕ್ಸಲ್‌ಗೆ ಒದ್ದೆ ಬಟ್ಟೆ ಸುತ್ತಿ, ಪ್ರೊಪೇನ್ ಟಾರ್ಚಿನಿಂದ ಹಬ್‌ನ ಹೊರಮೈಯನ್ನು ಮಾತ್ರ ಸುತ್ತಲೂ ಸಮವಾಗಿ ಕಾಯಿಸಿದರು. ಕೆಂಪಗೆ ಮಾಡುವುದೇನೂ ಬೇಡ. ಉಕ್ಕು 150 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಮುಕ್ಕಾಲು ಇಂಚಿನ ತೂತು ಮಿಲಿಮೀಟರಿನ ನೂರನೇ ಮೂರು ಭಾಗದಷ್ಟು ಅಗಲವಾಗುತ್ತದೆ. ತಲೆಗೂದಲಿಗಿಂತ ಸಣ್ಣ ಸಂದಿ. ಆದರೆ ಅದೇ ಸಾಕು. ಟಾರ್ಚ್ ಆರಿಸಿ, ದೇವರ ಮನೆಯಿಂದ ತಂದ ಮೇಣದ ಬತ್ತಿಯನ್ನು ಅಪ್ಪ ಹಬ್ ಮತ್ತು ಆಕ್ಸಲ್ ಕೂಡುವ ಗೆರೆಗೆ ಒತ್ತಿ ಹಿಡಿದರು. ಮೇಣ ಕರಗಿ, ಕೆಳಗೆ ಹರಿಯದೆ, ನಮ್ಮ ಕಣ್ಣೆದುರೇ ಒಳಗೆ ಎಳೆದುಕೊಂಡು ಹೋಯಿತು. ಅಷ್ಟು ದಿನದಲ್ಲಿ ಅವರು ನಕ್ಕದ್ದು ಆವತ್ತೇ.

ಅಂಗಡಿಯಲ್ಲಿ ಸಿಗುವ ಎರಡು ಕಾಲಿನ ಮೂರು ಕಾಲಿನ ಪುಲ್ಲರ್ ಇಲ್ಲಿಗೆ ಆಗಿಬರುವುದಿಲ್ಲ. ಹಬ್ ರಿಮ್ಮಿನ ಬಟ್ಟಲಿನೊಳಗೆ ಆಳದಲ್ಲಿರುತ್ತದೆ, ಕಾಲುಗಳು ಅದರ ಹಿಂಬದಿ ಮುಟ್ಟುವುದಿಲ್ಲ. ರಿಮ್ಮಿನ ಅಂಚನ್ನು ಹಿಡಿದು ಎಳೆದರೆ ರಿಮ್ಮು ಕೊಡೆಯ ಹಾಗೆ ಮಗುಚಿಕೊಳ್ಳುತ್ತದೆ. ಅಪ್ಪ ಗುಜರಿಯಿಂದ ಅರ್ಧ ಇಂಚು ದಪ್ಪದ ಮೂರು ಕಬ್ಬಿಣದ ಪಟ್ಟಿ ಆರಿಸಿ ತಂದರು, ಒಂದೊಂದೂ ಒಂದಡಿಗಿಂತ ತುಸು ಉದ್ದ. ಎರಡು ಪಟ್ಟಿ ಹಬ್‌ನ ಹಿಂದೆ, ಆಕ್ಸಲ್‌ನ ಮೇಲೊಂದು ಕೆಳಗೊಂದು, ಒಂದಕ್ಕೊಂದು ಬೋಲ್ಟಿನಿಂದ ಬಿಗಿದದ್ದು. ಟೈರು ಇಲ್ಲದ್ದರಿಂದ ಎಂಟಿಂಚಿನ ರಿಮ್ಮಿನಾಚೆ ಪಟ್ಟಿಗಳ ತುದಿ ಎರಡೂ ಕಡೆ ಹೊರಚಾಚುತ್ತವೆ. ಆ ತುದಿಗಳ ನಡುವಿಂದ ಅರ್ಧ ಇಂಚಿನ ಎರಡು ಥ್ರೆಡ್ ಸರಳು ಮುಂದಕ್ಕೆ ಬಂದು ಮೂರನೆಯ ಪಟ್ಟಿಯನ್ನು ಹಿಡಿಯುತ್ತವೆ. ಅದರ ನಡುವಿನ ತೂತಿಗೆ ಪಕ್ಕದ ಮನೆಯವರು ಮುಕ್ಕಾಲು ಇಂಚಿನ ನಟ್ಟೊಂದನ್ನು ವೆಲ್ಡ್ ಮಾಡಿಕೊಟ್ಟರು. ಅದರಲ್ಲಿ ಗ್ರೀಸ್ ಹಚ್ಚಿದ ಬೋಲ್ಟು, ಬೋಲ್ಟಿನ ತುದಿ ಆಕ್ಸಲ್‌ನ ನಡುಗುಳಿಗೆ. ಎಲ್ಲ ಸೇರಿ 20 ಡಾಲರ್ ಖರ್ಚು ಆಗಲಿಲ್ಲ.

ಎಂಟನೆಯ ಸಂಜೆ ಕೈ ಬಿಗಿಯುವವರೆಗೆ ಸ್ಪ್ಯಾನರ್ ತಿರುಗಿಸಿದರು. ಮೇಲೆ ಕಾಲು ಸುತ್ತು. ಹಬ್‌ನ ಸುತ್ತ ತಟ್ಟಿದರು. ಇನ್ನೊಂದು ಕಾಲು ಸುತ್ತು. ನಾನು ಸ್ಪ್ಯಾನರಿಗೆ ಉದ್ದನೆಯ ಪೈಪು ತೂರಿಸಲು ಹೋದರೆ ಬೇಡವೆಂದರು. ಬೋಲ್ಟು ತುಂಡಾದರೆ ಬಂದೂಕಿನ ಗುಂಡಿನಂತೆ ಬರುತ್ತದೆ, ಪುಲ್ಲರಿನ ನೇರಕ್ಕೆ ನಿಲ್ಲಬೇಡ, ಪಕ್ಕಕ್ಕೆ ಬಾ ಎಂದರು. ಬಿಗಿ ಹಾಗೇ ಬಿಟ್ಟು, ಎಣ್ಣೆ ಹಾಕಿ, ದೀಪ ಆರಿಸಿ ಊಟಕ್ಕೆ ಹೋದೆವು. ಬೆಳಗ್ಗೆ ಮತ್ತೆ ಕಾಲು ಸುತ್ತು ಕೊಡುತ್ತಿದ್ದಂತೆ ಒಣ ಕಟ್ಟಿಗೆ ಮುರಿದ ಹಾಗೆ 'ಟಪ್' ಎಂದಿತು. ನಾನು ಏನೋ ಒಡೆಯಿತೆಂದು ಹೆದರಿದೆ. ಒಡೆದದ್ದು ತುಕ್ಕು. ಆಮೇಲೆ ಚಕ್ರ ಇಂಚಿಂಚಾಗಿ ಕೆಂಪು ಪುಡಿ ಉದುರಿಸುತ್ತ ಹೊರಬಂತು. ಗೇರ್‌ಬಾಕ್ಸ್ ಹಾಗೇ ಇತ್ತು.

ಅದೂ ಬರದಿದ್ದರೆ ಇನ್ನೊಂದು ದಾರಿಯಿದೆ. 3/16 ಇಂಚಿನ ಉದ್ದದ ಡ್ರಿಲ್ ಬಿಟ್ಟಿನಿಂದ ಕೀಯನ್ನೇ ಉದ್ದಕ್ಕೂ ಕೊರೆದು ತೆಗೆದರೆ ಬಿಗಿ ಸಡಿಲುತ್ತದೆ. ಕೈ ನೆಟ್ಟಗಿರಬೇಕು, ಬಿಟ್ಟು ಮುರಿದು ಒಳಗುಳಿದರೆ ಮೊದಲಿಗಿಂತ ಕಷ್ಟ. ತೀರಾ ಕೊನೆಗೆ ಗ್ರೈಂಡರಿನಿಂದ ಹಬ್ಬನ್ನು ಉದ್ದಕ್ಕೆ ಸೀಳುವುದು. ಚಕ್ರ ಹೋಗುತ್ತದೆ, ಗೇರ್‌ಬಾಕ್ಸ್ ಉಳಿಯುತ್ತದೆ. ಹಳೆಯ ಚಕ್ರ ಗುಜರಿಯಲ್ಲಿ ಸಿಗುತ್ತದೆ, ಗೇರ್‌ಬಾಕ್ಸಿನ ಬೆಲೆಗೆ ಇಡೀ ಹಳೆಯ ಮೋವರೇ ಬರುತ್ತದೆ. ಮುಂದಿನ ಚಕ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವಕ್ಕೆ ಕೀ ಇಲ್ಲ, ಬುಷ್ ಮೇಲೆ ಸುಮ್ಮನೆ ತಿರುಗುತ್ತವೆ. ಕಚ್ಚಿದರೂ ಎಷ್ಟೋ ಯಂತ್ರಗಳಲ್ಲಿ ಸ್ಪಿಂಡಲ್ ಸಮೇತ ಬಿಚ್ಚಿ ಮೇಜಿನ ಮೇಲಿಟ್ಟು ಬಿಡಿಸಬಹುದು.

ಈಗ ನಿಮ್ಮಲ್ಲಿ ನನ್ನ ಕೋರಿಕೆ. ನಿಮ್ಮ ಮೋವರು ಇನ್ನೂ ಕಚ್ಚಿಕೊಂಡಿಲ್ಲದಿದ್ದರೆ, ಶೆಡ್ಡಿಗೆ ನೂಕುವ ಮುನ್ನ ಈ ವಾರವೇ ಎರಡೂ ಹಿಂಚಕ್ರ ಒಮ್ಮೆ ಬಿಚ್ಚಿ. ಆಕ್ಸಲ್ಲನ್ನು ಎಮರಿ ಕಾಗದದಿಂದ ಉಜ್ಜಿ, ತೋಡಿನ ಅಂಚಿನ ಮುಳ್ಳುಗಳನ್ನು ಅರದಿಂದ ಸವರಿ, ಆಂಟಿ-ಸೀಜ್ ಎಂದು ಡಬ್ಬಿಯಲ್ಲಿ ಸಿಗುವ ಬೂದು ಬಣ್ಣದ ಲೇಪ ತೆಳುವಾಗಿ ಬಳಿಯಿರಿ. ಗ್ರೀಸಿನಂತೆ ಅದು ಮಳೆಗೆ ತೊಳೆದುಹೋಗುವುದಿಲ್ಲ. ಕೀ ತಿಂದುಹೋಗಿದ್ದರೆ ಹೊಸದು ಹಾಕಿ, ಒಂದೆರಡು ಡಾಲರಿನ ಮಾತು. ಕ್ಲಿಪ್ ಸಡಿಲಾಗಿದ್ದರೆ ಅದನ್ನೂ. ಆಂಟಿ-ಸೀಜ್ ಬಟ್ಟೆಗೆ ತಾಗಿದರೆ ಹೋಗುವುದಿಲ್ಲ, ಹಳೆಯ ಅಂಗಿ ತೊಟ್ಟುಕೊಳ್ಳಿ. 2011ರಲ್ಲಿ ಅಪ್ಪ ಬಿಚ್ಚಿಕೊಟ್ಟ ಆ ಚಕ್ರವನ್ನು ನಾನು ಪ್ರತಿ ಅಕ್ಟೋಬರಿನಲ್ಲೂ ಹೀಗೆ ತೆಗೆದು ಹಾಕುತ್ತ ಬಂದಿದ್ದೇನೆ. ಈ ವರ್ಷವೂ ಹತ್ತು ನಿಮಿಷದಲ್ಲಿ ಕೈಗೇ ಬಂತು.

ಈಗಾಗಲೇ ಕಚ್ಚಿಕೊಂಡಿದ್ದರೆ ಇವತ್ತು ಎಣ್ಣೆ ಹಾಕಿ ಬಿಟ್ಟುಬಿಡಿ. ಏಪ್ರಿಲ್‌ವರೆಗೆ ಐದು ತಿಂಗಳಿದೆ, ಚಳಿಗಾಲದಲ್ಲಿ ಗ್ಯಾರೇಜಿಗೆ ಹೋದಾಗಲೆಲ್ಲ ನಾಲ್ಕು ಹನಿ ಹಾಕಿ ನಾಲ್ಕು ಸಲ ತಟ್ಟಿ ಬನ್ನಿ. ರಸ್ತೆ ಅಂಚಿಗೆ ಇಡಬೇಕು ಅನ್ನಿಸಿದರೆ ಮೊದಲು ನನಗೊಂದು ಮಾತು ತಿಳಿಸಿ.

ಅಪ್ಪ ಈಗಿಲ್ಲ. ಅವರು ಮಾಡಿದ ಪುಲ್ಲರ್ ನನ್ನ ಗ್ಯಾರೇಜಿನ ಗೋಡೆಯ ಮೊಳೆಗೆ ತೂಗುತ್ತಿತ್ತು, ಇವತ್ತು ಬೆಳಗ್ಗೆ ಇಳಿಸಿ ಥ್ರೆಡ್ಡಿಗೆಲ್ಲ ಹೊಸದಾಗಿ ಗ್ರೀಸ್ ಹಚ್ಚಿಟ್ಟಿದ್ದೇನೆ. ಅದರ ಜೊತೆಗೆ ಎರಡು ಸ್ಟ್ಯಾಂಡ್, ಕನ್ನಡಕ, ಅರ್ಧ ಕಿಲೋ ಸುತ್ತಿಗೆ ಒಂದು ಪೆಟ್ಟಿಗೆಯಲ್ಲಿವೆ. ಯಾರಿಗೆ ಬೇಕಾದರೂ ಕೊಡುತ್ತೇನೆ, ಬಾಡಿಗೆಯಿಲ್ಲ. ಸ್ಟ್ಯಾಂಡ್ ಬಿಟ್ಟು ಬರೀ ಪುಲ್ಲರ್ ಕೇಳಿದರೆ ಮಾತ್ರ ಕೊಡುವುದಿಲ್ಲ. ಮೊದಲು ಅದು ಹೋಗುವುದು ಬೆರಳಿಗೆ ಪಟ್ಟಿ ಕಟ್ಟಿಕೊಂಡಿರುವ ನಮ್ಮ ಸ್ನೇಹಿತರ ಮನೆಗೆ. ಅವರ ಚಕ್ರ ಇನ್ನೂ ಹಾಗೇ ಇದೆ, ಹತ್ತು ದಿನದಿಂದ ಅವರ ಮನೆಯಾಕೆ ಬೆಳಗ್ಗೆ ಸಂಜೆ ಎಣ್ಣೆ ಹಾಕುತ್ತಿದ್ದಾರೆ. ಬರುವ ಶನಿವಾರ ಒಂಬತ್ತು ಗಂಟೆಗೆ ನಾನು ಅಲ್ಲಿರುತ್ತೇನೆ. ನೋಡಿ ಕಲಿಯಬೇಕೆನ್ನುವವರು ಬನ್ನಿ, ತಿಂಡಿ ಅಲ್ಲೇ ಆಗುತ್ತದೆ.

ನಿಮ್ಮವ,
ಹರಿಹರದಿಂದ ಬಂದ ಟರ್ನರ್ ಒಬ್ಬರ ಮಗ